ಹಾಸನ, ಚಿಕ್ಕಮಗಳೂರಿನ ಮಕ್ಕಳು ಆಪ್ಟೊಮೆಟ್ರಿ ಓದುವುದು ಹೇಗೆ?

ಎರಡನೇ ಪಿಯುಸಿ ಫಲಿತಾಂಶ ಬಂದ ವಾರ ನಮ್ಮ ಹಾಸನ, ಚಿಕ್ಕಮಗಳೂರು ಕಡೆಯ ಮನೆಗಳಲ್ಲಿ ಕೇಳಿಬರುವ ಹೆಸರುಗಳು ನಾಲ್ಕೈದೇ: ಎಂಜಿನಿಯರಿಂಗ್, ನರ್ಸಿಂಗ್, ಕೃಷಿ ಬಿಎಸ್ಸಿ, ಇಲ್ಲವೇ ಇನ್ನೊಂದು ವರ್ಷ ನೀಟ್ ತಯಾರಿ. ಕಣ್ಣು ಪರೀಕ್ಷಿಸುವ ವಿದ್ಯೆಯಾದ ಆಪ್ಟೊಮೆಟ್ರಿಯ ಹೆಸರು ಬರುವುದೇ ಅಪರೂಪ. ಬಂದರೂ "ಕನ್ನಡಕದ ಅಂಗಡಿ ಇಡುವುದಕ್ಕೆ ನಾಲ್ಕು ವರ್ಷ ಓದಬೇಕೇ?" ಎಂಬ ಪ್ರಶ್ನೆಗೆ ಮಾತು ನಿಂತುಹೋಗುತ್ತದೆ. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಪಟ್ಟಣದಲ್ಲಿ ಇದೇ ಕೆಲಸ ಮಾಡುತ್ತಿರುವ ನನಗೆ ಆ ಪ್ರಶ್ನೆಗೆ ವಿವರವಾಗಿ ಉತ್ತರ ಕೊಡಬೇಕು ಎನ್ನಿಸಿ ಬಹಳ ಕಾಲವಾಯಿತು. ಓದಬೇಕೆಂದಿರುವ ಮಕ್ಕಳಿಗೂ ಅವರ ಅಪ್ಪ ಅಮ್ಮನಿಗೂ ಒಟ್ಟಿಗೇ ಹೇಳುತ್ತಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕಲಿಯುವ ವರ್ಷಗಳಲ್ಲಿ ಎಷ್ಟು ಕಣ್ಣುಗಳನ್ನು ಕೈಯಾರೆ ಪರೀಕ್ಷಿಸಿದ್ದೀರಿ ಎಂಬುದರ ಮೇಲೆ ಈ ವೃತ್ತಿಯಲ್ಲಿ ನಿಮ್ಮ ಬೆಲೆ ನಿಂತಿದೆ. ಕಾಲೇಜು, ಇಂಟರ್ನ್‌ಶಿಪ್, ಮೊದಲ ನೌಕರಿ ಎಲ್ಲವನ್ನೂ ಈ ಒಂದು ಅಳತೆಗೋಲಿನಿಂದ ಅಳೆಯಿರಿ.

ಕೆಲಸ ಏನೆಂದು ಹತ್ತಿರದಿಂದ ನೋಡಿ

ಕಣ್ಣಿಗೆ ಸಂಬಂಧಿಸಿದ ಮೂರು ವೃತ್ತಿಗಳನ್ನು ಜನ ಒಂದೇ ಎಂದು ತಿಳಿಯುತ್ತಾರೆ. ಎಂಬಿಬಿಎಸ್ ಮುಗಿಸಿ ನೇತ್ರಶಾಸ್ತ್ರದಲ್ಲಿ ಸ್ನಾತಕೋತ್ತರ ಓದಿದವರು ನೇತ್ರತಜ್ಞರು. ಪೊರೆಯ ಶಸ್ತ್ರಚಿಕಿತ್ಸೆ, ಕಣ್ಣಿನ ರೋಗಗಳ ಚಿಕಿತ್ಸೆ ಅವರ ಹೊಣೆ. ಬರೆದುಕೊಟ್ಟ ನಂಬರಿನಂತೆ ಗಾಜು ಕತ್ತರಿಸಿ ಫ್ರೇಮಿಗೆ ಕೂರಿಸಿ, ಮೂಗಿಗೂ ಕಿವಿಗೂ ಹೊಂದಿಸಿ ಕೊಡುವವರು ಆಪ್ಟಿಷಿಯನ್. ಇವರಿಬ್ಬರ ನಡುವಿನ ದೊಡ್ಡ ಜಾಗ ಆಪ್ಟೊಮೆಟ್ರಿಸ್ಟರದು. ದೃಷ್ಟಿ ಅಳೆಯುವುದು, ಕನ್ನಡಕದ ನಂಬರ್ ನಿರ್ಧರಿಸುವುದು, ಎರಡು ಕಣ್ಣುಗಳೂ ಜೊತೆಯಾಗಿ ಕೆಲಸ ಮಾಡುತ್ತಿವೆಯೇ ಎಂದು ನೋಡುವುದು, ಕಾಂಟ್ಯಾಕ್ಟ್ ಲೆನ್ಸ್ ಹೊಂದಿಸುವುದು, ಕಣ್ಣಿನ ಒತ್ತಡ ಅಳೆಯುವುದು, ಅಲ್ಪದೃಷ್ಟಿಯವರಿಗೆ ಓದುವ ಸಾಧನ ಆರಿಸಿಕೊಡುವುದು. ಇವೆಲ್ಲದರ ಜೊತೆಗೆ ಪೊರೆ, ಗ್ಲುಕೋಮಾ, ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲಕ್ಕೆ ಆದ ಹಾನಿ ಇಂಥವುಗಳ ಸುಳಿವು ಹಿಡಿದು ಸಕಾಲಕ್ಕೆ ತಜ್ಞರ ಬಳಿಗೆ ಕಳುಹಿಸಬೇಕು. ಶಸ್ತ್ರಚಿಕಿತ್ಸೆ ನಮ್ಮ ಕೆಲಸವಲ್ಲ. ಅದನ್ನೇ ಬಯಸುವವರು ವೈದ್ಯಕೀಯದ ದಾರಿಯನ್ನೇ ಹಿಡಿಯಬೇಕು. "ಡಾಕ್ಟರ್ ಆಗಲಿಲ್ಲ, ಅದಕ್ಕೇ ಇದು" ಎಂದು ಬಂದವರು ಇಲ್ಲಿ ಮನಸ್ಸಿಟ್ಟು ನಿಲ್ಲುವುದು ಕಷ್ಟ.

ಈ ಕೆಲಸಕ್ಕೆ ಎಷ್ಟು ಅಗತ್ಯವಿದೆ ಎಂದು ತಿಳಿಯಲು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಪ್ರಕಟಿಸಿದ ದೃಷ್ಟಿಯ ಕುರಿತ ವಿಶ್ವ ವರದಿಯ ಒಂದು ಸಂಗತಿ ಸಾಕು. ಜಗತ್ತಿನಲ್ಲಿ ಕನಿಷ್ಠ 220 ಕೋಟಿ ಜನರಿಗೆ ದೂರದ ಅಥವಾ ಹತ್ತಿರದ ದೃಷ್ಟಿಯ ತೊಂದರೆ ಇದೆ. ಅವರಲ್ಲಿ ಕನಿಷ್ಠ 100 ಕೋಟಿ ಜನರದ್ದು ತಡೆಯಬಹುದಾಗಿದ್ದ ಅಥವಾ ಇನ್ನೂ ಪರಿಹಾರ ಸಿಗದ ತೊಂದರೆ. ಸರಿಯಾದ ಕನ್ನಡಕ ಸಿಕ್ಕಿದ್ದರೆ ಸಾಕಾಗುತ್ತಿದ್ದ ಜನ ಆ ಲೆಕ್ಕದಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಚಾಳೀಸು ಬಂದ ಮೇಲೆ ಸೂಜಿಗೆ ದಾರ ಪೋಣಿಸಲಾಗದೆ ಹೊಲಿಗೆ ಬಿಟ್ಟ ಹೆಂಗಸರು, ಬೋರ್ಡು ಕಾಣದೆ ಹಿಂದೆ ಬಿದ್ದ ಮಕ್ಕಳು ನಮ್ಮ ಆಲೂರು, ಕಡೂರು, ಅರಕಲಗೂಡಿನಲ್ಲೂ ಇದ್ದಾರೆ.

ಅರ್ಜಿ ಹಾಕುವ ಮುಂಚೆ ಅರ್ಧ ದಿನವಾದರೂ ಈ ಕೆಲಸ ನಡೆಯುವ ಕಡೆ ಕುಳಿತು ನೋಡಿ. ತಾಲ್ಲೂಕು ಆಸ್ಪತ್ರೆಯ ನೇತ್ರಾಧಿಕಾರಿಗಳನ್ನು ಕೇಳಿಕೊಳ್ಳಿ. ಹಾಸನದವರಾದರೆ ವೈದ್ಯಕೀಯ ಕಾಲೇಜಿಗೆ ಸೇರಿದ ಶ್ರೀ ಚಾಮರಾಜೇಂದ್ರ ಆಸ್ಪತ್ರೆಯ ಕಣ್ಣಿನ ಹೊರರೋಗಿ ವಿಭಾಗದಲ್ಲಿ ಸರದಿ ಹೇಗೆ ಸಾಗುತ್ತದೆಂದು ನೋಡಬಹುದು. ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ 1976ರಿಂದ ನಡೆಯುತ್ತಿದೆ. ಅದರ ಅಂಗವಾಗಿ ಊರೂರಿನಲ್ಲಿ ಕಣ್ಣಿನ ತಪಾಸಣಾ ಶಿಬಿರಗಳಾಗುತ್ತವೆ, ಅದರಲ್ಲೂ ಅಕ್ಟೋಬರ್ ತಿಂಗಳ ಎರಡನೇ ಗುರುವಾರದ ವಿಶ್ವ ದೃಷ್ಟಿ ದಿನದ ಆಸುಪಾಸಿನಲ್ಲಿ ಹೆಚ್ಚು. ಅಂಥ ಶಿಬಿರಕ್ಕೆ ಸ್ವಯಂಸೇವಕರಾಗಿ ಹೋಗಿ ಹೆಸರು ಬರೆದುಕೊಳ್ಳುವ ಕೆಲಸ ಮಾಡಿದರೂ ವೃತ್ತಿಯ ಪರಿಚಯ ಚೆನ್ನಾಗಿ ಆಗುತ್ತದೆ.

ನಿಮ್ಮ ಸ್ವಭಾವಕ್ಕೆ ಹೊಂದುತ್ತದೆಯೇ?

ನೋಡಲು ಹೋದಾಗ ಯಂತ್ರಗಳ ಕಡೆಗಿಂತ ಮಾತಿನ ಕಡೆ ಗಮನ ಕೊಡಿ. "ಅಜ್ಜಿ, ಈಗ ಚೆನ್ನಾಗಿ ಕಾಣುತ್ತದೆಯೋ, ಮೊದಲು ಹಾಕಿದ್ದೇ ಚೆನ್ನಾಗಿತ್ತೋ?" ಎಂಬ ಪ್ರಶ್ನೆಯನ್ನು ಒಬ್ಬರಿಗೇ ಹತ್ತಾರು ಸಲ ಕೇಳಬೇಕಾಗುತ್ತದೆ. "ಎಲ್ಲಾ ಒಂದೇ ಥರ ಕಣಪ್ಪಾ" ಎಂದು ಅಜ್ಜಿ ಹೇಳಿದಾಗ ಅವಸರಪಡದೆ ಬೇರೆ ದಾರಿಯಿಂದ ಉತ್ತರ ತೆಗೆಯುವ ಸಹನೆ ಬೇಕು. ಸಕಲೇಶಪುರ, ಮೂಡಿಗೆರೆ ಕಡೆಯ ತೋಟಗಳಿಗೆ ಹೊರರಾಜ್ಯಗಳಿಂದ ಬಂದ ಕಾರ್ಮಿಕರಿಗೆ ಕನ್ನಡ ಬರದು. ಕೈಸನ್ನೆಯಲ್ಲೇ ಪರೀಕ್ಷೆ ಮುಗಿಸಬೇಕಾದ ದಿನಗಳಿರುತ್ತವೆ. ಅಕ್ಷರ ಬಾರದವರಿಗೆ ಇಂಗ್ಲಿಷಿನ ಇ ಅಕ್ಷರವನ್ನು ನಾಲ್ಕು ದಿಕ್ಕಿಗೆ ತಿರುಗಿಸಿದ ಪಟ ಇರುತ್ತದೆ, ಅದರ ಕಾಲುಗಳು ಯಾವ ಕಡೆ ತಿರುಗಿವೆ ಎಂದು ಕೈಯಲ್ಲಿ ತೋರಿಸಿದರೆ ಸಾಕು.

ಸಹನೆಯಷ್ಟೇ ಮುಖ್ಯವಾದದ್ದು ಪತ್ತೇದಾರಿ ಬುದ್ಧಿ. ಎರಡು ಉದಾಹರಣೆ ಕೊಡುತ್ತೇನೆ, ಏಕೆಂದರೆ ನಾಲ್ಕು ವರ್ಷ ಏಕೆ ಓದಬೇಕು ಎಂಬುದಕ್ಕೆ ಉತ್ತರ ಇವುಗಳಲ್ಲೇ ಇದೆ.

ಎಪ್ಪತ್ತು ದಾಟಿದ ಯಜಮಾನರೊಬ್ಬರು ಬಂದು "ಈಗ ಕನ್ನಡಕವಿಲ್ಲದೆಯೇ ಪೇಪರ್ ಓದುತ್ತೇನೆ, ನನಗೆ ದೃಷ್ಟಿ ಮರಳಿ ಬಂದಿದೆ" ಎಂದು ಹಿಗ್ಗಿನಿಂದ ಹೇಳುತ್ತಾರೆ. ಮನೆಯವರಿಗೂ ಸಂತೋಷ. ಆದರೆ ಕಣ್ಣಿನೊಳಗಿನ ಮಸೂರದ ನಡುಭಾಗ ಪೊರೆಯಿಂದ ಗಟ್ಟಿಯಾಗುತ್ತ ಬಂದಾಗ ಅದರ ಬಾಗಿಸುವ ಶಕ್ತಿ ಹೆಚ್ಚುತ್ತದೆ, ಕಣ್ಣು ಸಮೀಪದೃಷ್ಟಿಯ ಕಡೆ ಜಾರುತ್ತದೆ, ಹತ್ತಿರದ್ದು ಸ್ವಲ್ಪ ಕಾಲ ಚೆನ್ನಾಗಿ ಕಾಣುತ್ತದೆ. ದೂರದ್ದು ಎಷ್ಟು ಮಂಕಾಗಿದೆ ಎಂದು ಕೇಳುವವರು ಬೇಕು. ಆ ಯಜಮಾನರಿಗೆ ಬೇಕಾದದ್ದು ಪೊರೆಯ ತಪಾಸಣೆ.

ಇನ್ನೊಂದು, ಕನ್ನಡಕ ಮಾಡಿಸಿ ತಿಂಗಳಾಗುವುದರೊಳಗೆ "ನಂಬರ್ ಸರಿಯಿಲ್ಲ" ಎಂದು ವಾಪಸು ಬರುವವರದು. ರಕ್ತದಲ್ಲಿ ಸಕ್ಕರೆ ಏರಿಳಿದಾಗ ಕಣ್ಣಿನ ಮಸೂರದ ಶಕ್ತಿಯೂ ಏರಿಳಿಯುತ್ತದೆ. ಸಕ್ಕರೆ ಹತೋಟಿಗೆ ಬಾರದ ಹೊತ್ತಿನಲ್ಲಿ ಅಳೆದ ನಂಬರ್ ಆ ಹೊತ್ತಿಗೆ ಸರಿ, ಔಷಧಿ ಶುರುವಾದ ಮೇಲೆ ತಪ್ಪು. ಗಾಜಿನ ದೋಷವೆಂದು ಜಗಳವಾಡುವ ಬದಲು ಶುಗರ್ ಪರೀಕ್ಷೆ ಮಾಡಿಸಲು ಹೇಳಿ, ಅದು ಹತೋಟಿಗೆ ಬಂದ ಮೇಲೆ ಮತ್ತೆ ಅಳೆಯಬೇಕು. ತನಗೆ ಸಕ್ಕರೆ ಕಾಯಿಲೆ ಇದೆ ಎಂಬುದು ಕೆಲವರಿಗೆ ಮೊದಲು ತಿಳಿಯುವುದೇ ಕಣ್ಣಿನ ಪರೀಕ್ಷೆಗೆ ಬಂದಾಗ.

ಇಂಥ ಒಗಟುಗಳು ಇಷ್ಟವಾಗುತ್ತವೆ, ಭೌತಶಾಸ್ತ್ರದ ಬೆಳಕಿನ ಅಧ್ಯಾಯ ನಿಮಗೆ ಹಿಡಿಸಿತ್ತು, ಜನರ ಜೊತೆ ಮಾತನಾಡಲು ಬೇಸರವಿಲ್ಲ ಎಂದಾದರೆ ಮುಂದೆ ಓದಿ.

ಪ್ರವೇಶ

ವಿಜ್ಞಾನ ಪಿಯುಸಿ ಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದ್ದರೆ ಎಲ್ಲ ಕಡೆ ಸಲ್ಲುತ್ತದೆ. ಗಣಿತ ಓದಿ ಜೀವಶಾಸ್ತ್ರ ಬಿಟ್ಟವರನ್ನು ಕೆಲವು ವಿಶ್ವವಿದ್ಯಾಲಯಗಳು ಸೇರಿಸಿಕೊಳ್ಳುತ್ತವೆ, ಕೆಲವು ಇಲ್ಲ. ಹತ್ತನೇ ತರಗತಿಯಲ್ಲಿರುವಾಗಲೇ ಈ ಯೋಚನೆ ಇದ್ದರೆ ನಾಲ್ಕನ್ನೂ ತೆಗೆದುಕೊಳ್ಳುವುದು ಒಳ್ಳೆಯದು; ದೃಗ್ವಿಜ್ಞಾನದ ಲೆಕ್ಕಗಳಿಗೆ ಗಣಿತದ ರೂಢಿ ಬಹಳ ನೆರವಾಗುತ್ತದೆ.

ನಮ್ಮ ರಾಜ್ಯದ ಹೆಚ್ಚಿನ ಕಾಲೇಜುಗಳು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿವೆ. ಮಣಿಪಾಲದಂಥ ಡೀಮ್ಡ್ ವಿಶ್ವವಿದ್ಯಾಲಯಗಳ ಪ್ರವೇಶ ಬೇರೆ. ಪದವಿಯ ಹೆಸರು ಬಿಎಸ್ಸಿ ಆಪ್ಟೊಮೆಟ್ರಿ ಅಥವಾ ಬಿ.ಆಪ್ಟಮ್ ಎಂದಿರುತ್ತದೆ. ಇದುವರೆಗಿನ ರೂಢಿ ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. 2021ರಲ್ಲಿ ಸಂಸತ್ತು ಒಪ್ಪಿದ ಕಾಯ್ದೆಯ ಪ್ರಕಾರ ಸಹಾಯಕ ಆರೋಗ್ಯ ವೃತ್ತಿಗಳಿಗೆಲ್ಲ ರಾಷ್ಟ್ರೀಯ ಆಯೋಗವೊಂದು ಬಂದಿದೆ, ಆಪ್ಟೊಮೆಟ್ರಿಯೂ ಅದರಡಿ ಸೇರಿದೆ. ಆಯೋಗ 2025ರಲ್ಲಿ ದೇಶಕ್ಕೆಲ್ಲ ಒಂದೇ ಬಗೆಯ ಹೊಸ ಪಠ್ಯಕ್ರಮ ಹೊರಡಿಸಿದೆ. ಹಾಗಾಗಿ ಅಣ್ಣನೋ ಪಕ್ಕದ ಮನೆಯ ಅಕ್ಕನೋ ಓದಿದ ಕಾಲದ ನಿಯಮವನ್ನು ನಂಬಿ ಕೂರಬೇಡಿ. ನೀವು ಸೇರುವ ವರ್ಷದ ಅವಧಿ, ಅರ್ಹತೆ, ಪ್ರವೇಶದ ವಿಧಾನವನ್ನು ವಿಶ್ವವಿದ್ಯಾಲಯದ ಮತ್ತು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪ್ರಕಟಣೆಯಲ್ಲೇ ಓದಿ. ದೂರಶಿಕ್ಷಣದಲ್ಲಿ ಆಪ್ಟೊಮೆಟ್ರಿ ಪದವಿ ಕೊಡಿಸುತ್ತೇವೆ ಎನ್ನುವವರನ್ನು ಬಾಗಿಲಿನಲ್ಲೇ ಕಳುಹಿಸಿಬಿಡಿ. ಈ ಕಾಯ್ದೆಯಡಿ ಬರುವ ಕೋರ್ಸುಗಳನ್ನು ಆ ರೀತಿ ನಡೆಸುವುದನ್ನು ಯುಜಿಸಿ 2025ರಲ್ಲಿ ನಿಲ್ಲಿಸಿದೆ. ಅದು ನಿಲ್ಲಿಸದಿದ್ದರೂ ಅಂಚೆಯಲ್ಲಿ ಬಂದ ಪುಸ್ತಕದಿಂದ ಕಣ್ಣು ಪರೀಕ್ಷಿಸುವುದನ್ನು ಕಲಿಯಲಾಗದು.

ಪ್ಯಾರಾಮೆಡಿಕಲ್ ಮಂಡಳಿಯ ಆಫ್ತಾಲ್ಮಿಕ್ ಟೆಕ್ನಾಲಜಿ ಡಿಪ್ಲೊಮಾ ಇನ್ನೊಂದು ದಾರಿ. ಮನೆಯ ಪರಿಸ್ಥಿತಿಯಿಂದ ಬೇಗ ದುಡಿಯಲೇಬೇಕಾದವರಿಗೆ ಅದು ಸರಿ. ಆದರೆ ನಾಲ್ಕು ವರ್ಷ ಓದಲು ಹೇಗಾದರೂ ಸಾಧ್ಯವಿದ್ದರೆ ಪದವಿಯನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ. ಸ್ನಾತಕೋತ್ತರ, ಬೋಧನೆ, ಸಂಶೋಧನೆಯ ಬಾಗಿಲುಗಳು ಪದವಿಗೇ ತೆರೆಯುವುದು.

ಶುಲ್ಕದ ಚಿಂತೆ ಇರುವವರು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕುವುದನ್ನು ಮರೆಯಬಾರದು. ಹಿಂದುಳಿದ ವರ್ಗಗಳವರಿಗೆ ಊಟ, ವಸತಿಗೆ ವಿದ್ಯಾಸಿರಿ ಇದೆ, ಅಲ್ಪಸಂಖ್ಯಾತ ಸಮುದಾಯದವರಿಗೆ ಅರಿವು ಸಾಲ ಯೋಜನೆ ಇದೆ. ಜಾತಿ, ಆದಾಯ ಪ್ರಮಾಣಪತ್ರಗಳನ್ನು ಫಲಿತಾಂಶಕ್ಕೆ ಕಾಯದೆ ನಾಡಕಚೇರಿಯಲ್ಲಿ ಮೊದಲೇ ಮಾಡಿಸಿಟ್ಟುಕೊಳ್ಳಿ. ಆಧಾರ್‌ನಲ್ಲೂ ಹತ್ತನೇ ತರಗತಿಯ ಅಂಕಪಟ್ಟಿಯಲ್ಲೂ ಹೆಸರು ಒಂದೇ ರೀತಿ ಇದೆಯೇ ಎಂದು ನೋಡಿಕೊಳ್ಳಿ.

ಕಾಲೇಜನ್ನು ಹೀಗೆ ಆರಿಸಿ

ನಮ್ಮ ಜಿಲ್ಲೆಗಳವರಿಗೆ ಬೆಂಗಳೂರು, ಮೈಸೂರು, ಮಂಗಳೂರು, ಉಡುಪಿ, ಮಣಿಪಾಲ ಯಾವುದೂ ದೂರವಲ್ಲ. ಹೊರರಾಜ್ಯಕ್ಕೆ ಹೋಗಬಲ್ಲವರಿಗೆ ಚೆನ್ನೈನ ಎಲೀಟ್ ಸ್ಕೂಲ್ ಆಫ್ ಆಪ್ಟೊಮೆಟ್ರಿ ಇದೆ. ಶಂಕರ ನೇತ್ರಾಲಯದ ಜೊತೆಗೂಡಿ 1985ರಲ್ಲಿ ಆರಂಭವಾದದ್ದು. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯಲ್ಲೂ ಕಲಿಸುತ್ತಾರೆ.

ಆದರೆ ಹೆಸರಿಗಿಂತ ಮೊದಲು ಕೇಳಬೇಕಾದದ್ದು: ಕಾಲೇಜಿಗೆ ಸ್ವಂತ ಕಣ್ಣಿನ ಆಸ್ಪತ್ರೆ ಇದೆಯೇ, ಅಥವಾ ಕಣ್ಣಿನ ಆಸ್ಪತ್ರೆಯೊಂದರ ಜೊತೆ ಕಾಗದದ ಮೇಲಿನ ಒಪ್ಪಂದ ಮಾತ್ರ ಇದೆಯೇ? 1896ರಿಂದ ನಡೆಯುತ್ತಿರುವ ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಯಂಥ ಕಡೆ ಒಂದು ಬೆಳಿಗ್ಗೆ ನಿಂತು ನೋಡಿದರೆ ರೋಗಿಗಳ ಸಂಖ್ಯೆ ಎಂದರೇನು ಎಂದು ತಿಳಿಯುತ್ತದೆ. ಹೊಳೆಯುವ ಕಟ್ಟಡ, ಹವಾನಿಯಂತ್ರಿತ ತರಗತಿ, ಮಡಿಚಿ ಕೊಡುವ ಬಣ್ಣದ ಕರಪತ್ರ ಇವುಗಳಿಗೆ ಮರುಳಾಗಬೇಡಿ.

ಹೋದಾಗ ಪ್ರಾಂಶುಪಾಲರ ಜೊತೆ ಮಾತನಾಡಿದ ಮೇಲೆ ಕ್ಯಾಂಟೀನಿನಲ್ಲಿ ಮೂರನೇ ವರ್ಷದ ವಿದ್ಯಾರ್ಥಿಗಳನ್ನು ಹುಡುಕಿ. ಒಂದು ದಿನಕ್ಕೆ ನೀವೇ ಎಷ್ಟು ಜನರನ್ನು ನೋಡುತ್ತೀರಿ? ರೋಗಿಗಳನ್ನು ಮುಟ್ಟಲು ಬಿಟ್ಟದ್ದು ಯಾವ ವರ್ಷದಿಂದ? ಕಣ್ಣಿನ ನಂಬರ್ ಅಳೆಯುವ ಕೈ ಉಪಕರಣ ರೆಟಿನೋಸ್ಕೋಪ್ ಇಬ್ಬರಿಗೆ ಒಂದು ಇದೆಯೋ, ತರಗತಿಗೆಲ್ಲ ಒಂದೋ? ಮಕ್ಕಳ ಕಣ್ಣಿನ ವಿಭಾಗಕ್ಕೆ ಕಳುಹಿಸುತ್ತಾರೆಯೇ? ಪಾಠ ಹೇಳುವವರು ಆಪ್ಟೊಮೆಟ್ರಿಯಲ್ಲೇ ಸ್ನಾತಕೋತ್ತರ ಓದಿದವರೇ? ಉತ್ತರ ಕೊಡಲು ತಡವರಿಸಿದರೆ ಅಲ್ಲಿಂದ ಹೊರಡಿ. ಮೂರು ವರ್ಷ ಪುಸ್ತಕ ಓದಿ, ಬಂದ ರೋಗಿಯ ಹೆಸರು ವಯಸ್ಸು ಬರೆಯುವ ಕೆಲಸದಲ್ಲೇ ಇಂಟರ್ನ್‌ಶಿಪ್ ಕಳೆದ ಮಕ್ಕಳನ್ನು ನಾನು ಕಂಡಿದ್ದೇನೆ. ಅವರ ಅಂಕಪಟ್ಟಿ ಚೆನ್ನಾಗಿತ್ತು, ಕೈಗೆ ಕೆಲಸ ಬಂದಿರಲಿಲ್ಲ. ಆ ನಷ್ಟ ಮಕ್ಕಳ ತಪ್ಪಿನಿಂದ ಆದದ್ದಲ್ಲ ಎಂಬುದೇ ನನಗೆ ಸಂಕಟ.

ಓದುವ ವರ್ಷಗಳು

ಮೊದಲ ವರ್ಷ ಅಂಗರಚನೆ, ಶರೀರಕ್ರಿಯೆ, ಜೀವರಸಾಯನ, ಜ್ಯಾಮಿತೀಯ ದೃಗ್ವಿಜ್ಞಾನ. ಆಮೇಲೆ ಉಪಕರಣಗಳು, ಕಣ್ಣಿನ ರೋಗಗಳು, ಔಷಧಶಾಸ್ತ್ರ. ಕೊನೆಗೆ ಕಾಂಟ್ಯಾಕ್ಟ್ ಲೆನ್ಸ್, ಎರಡು ಕಣ್ಣುಗಳ ಹೊಂದಾಣಿಕೆ, ಅಲ್ಪದೃಷ್ಟಿ, ಮಕ್ಕಳ ಕಣ್ಣು, ಸಾರ್ವಜನಿಕ ಆರೋಗ್ಯ. ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಆರು ತಿಂಗಳು ಇಂಗ್ಲಿಷ್ ಪದಗಳ ಭಾರ ತಟ್ಟುತ್ತದೆ. ಹೆದರಬೇಕಿಲ್ಲ. ಗ್ರೀಕ್, ಲ್ಯಾಟಿನ್ ಮೂಲದ ಆ ಪದಗಳು ಇಂಗ್ಲಿಷ್ ಮಾಧ್ಯಮದವರಿಗೂ ಅಷ್ಟೇ ಹೊಸವು.

ಡಯಾಪ್ಟರ್ ಎಂಬ ಅಳತೆಯನ್ನು ಮಾತ್ರ ಮೊದಲ ವಾರದಲ್ಲೇ ಬೆರಳ ತುದಿಗೆ ತಂದುಕೊಳ್ಳಿ. ಒಂದನ್ನು ಮೀಟರಿನಲ್ಲಿ ಹೇಳಿದ ಸಂಗಮದೂರದಿಂದ ಭಾಗಿಸಿದರೆ ಮಸೂರದ ಶಕ್ತಿ ಸಿಗುತ್ತದೆ. ಅರ್ಧ ಮೀಟರಿಗೆ ಎರಡು ಡಯಾಪ್ಟರ್, 40 ಸೆಂಟಿಮೀಟರಿಗೆ ಎರಡೂವರೆ. ಮುಂದೆ ಓದುವ ಮುಕ್ಕಾಲು ಪಾಲು ಇದರ ಮೇಲೆ ನಿಂತಿದೆ.

ಇನ್ನು ರೆಟಿನೋಸ್ಕೋಪಿ. ಈ ಬರಹದಲ್ಲಿ ನಾನು ಅತಿ ಹೆಚ್ಚು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಊರಿನ ಅಂಗಡಿಗಳ ಮೇಲೆ "ಕಂಪ್ಯೂಟರ್ ಮೂಲಕ ಕಣ್ಣಿನ ಪರೀಕ್ಷೆ" ಎಂಬ ಬೋರ್ಡು ನೋಡಿರುತ್ತೀರಿ. ಗಲ್ಲ ಇಟ್ಟು ಒಳಗಿನ ಚಿತ್ರ ನೋಡಿದರೆ ಕ್ಷಣದಲ್ಲಿ ಚೀಟಿ ಹೊರಬರುವ ಆ ಯಂತ್ರ ಒಳ್ಳೆಯ ಸಹಾಯಕ, ಆದರೆ ಅಂತಿಮ ಮಾತು ಅದರದ್ದಲ್ಲ. ಮಕ್ಕಳ ಕಣ್ಣಿಗೆ ಹತ್ತಿರದ ವಸ್ತುವಿನ ಮೇಲೆ ದೃಷ್ಟಿ ಹೊಂದಿಸುವ ಶಕ್ತಿ ಬಹಳ. ಯಂತ್ರದೊಳಗೆ ನೋಡುವಾಗ ಮಗು ತನಗರಿವಿಲ್ಲದೆ ಆ ಶಕ್ತಿ ಹಾಕಿದರೆ, ಇಲ್ಲದ ಮೈನಸ್ ನಂಬರ್ ಚೀಟಿಯಲ್ಲಿ ಬರುತ್ತದೆ; ಇರುವ ಪ್ಲಸ್ ನಂಬರ್ ಮರೆಯಾಗುತ್ತದೆ. ಆ ಚೀಟಿಯನ್ನು ಹಾಗೆಯೇ ಕನ್ನಡಕವಾಗಿಸಿದರೆ ಮಗುವಿಗೆ ತಲೆನೋವು, ಓದಿನಲ್ಲಿ ಬೇಸರ. ಅದಕ್ಕೇ ಮಕ್ಕಳಿಗೆ ಕಣ್ಣಿನ ಸ್ನಾಯು ಸಡಿಲಗೊಳಿಸುವ ಹನಿ ಹಾಕಿ, ರೆಟಿನೋಸ್ಕೋಪಿನಿಂದ ನೋಡಬೇಕು.

ಆ ಉಪಕರಣ ಅಂಗೈಯಲ್ಲಿ ಹಿಡಿಯುವಂಥದ್ದು. ತೋಳಳತೆಯ ದೂರದಿಂದ ಬೆಳಕಿನ ಗೆರೆಯೊಂದನ್ನು ಪಾಪೆಯ ಮೇಲೆ ಹಾಯಿಸಿದರೆ ಒಳಗಿನಿಂದ ಕೆಂಪು ಹೊಳಪು ಮರಳುತ್ತದೆ. ಗೆರೆ ಸರಿದ ಕಡೆಗೇ ಹೊಳಪೂ ಸರಿದರೆ ಪ್ಲಸ್ ಮಸೂರ ಹಿಡಿಯಬೇಕು, ಎದುರು ದಿಕ್ಕಿಗೆ ಸರಿದರೆ ಮೈನಸ್. ಹೊಳಪು ಅಲುಗಾಡದೆ ಪಾಪೆಯನ್ನೆಲ್ಲ ಒಮ್ಮೆಗೇ ತುಂಬುವವರೆಗೆ ಮಸೂರ ಬದಲಿಸುತ್ತ ಹೋಗುವುದು. ಕೊನೆಗೆ ನೀವು ಕುಳಿತ ದೂರದ ಲೆಕ್ಕ ಕಳೆಯುವುದು. ಸುಮಾರು 67 ಸೆಂಟಿಮೀಟರ್ ದೂರವಾದರೆ ಒಂದೂವರೆ ಡಯಾಪ್ಟರ್ ಕಳೆಯಬೇಕು. ರೋಗಿ ಒಂದು ಮಾತನ್ನೂ ಆಡಬೇಕಿಲ್ಲ. ಮಾತು ಬಾರದ ಮಗು, ಬುದ್ಧಿಮಾಂದ್ಯದ ಹುಡುಗ, ಭಾಷೆ ತಿಳಿಯದ ಕಾರ್ಮಿಕ, ಎಲ್ಲರ ಕಣ್ಣೂ ಇದಕ್ಕೆ ಉತ್ತರ ಕೊಡುತ್ತದೆ. ಕಲಿಯುವುದು ಮಾತ್ರ ಈಜು ಕಲಿತ ಹಾಗೆ, ನೀರಿಗೆ ಇಳಿಯದೆ ಆಗದು. ಗೆಳೆಯರ ಕಣ್ಣು, ಹಾಸ್ಟೆಲಿನ ಅಡುಗೆಯವರ ಕಣ್ಣು, ರಜೆಗೆ ಬಂದಾಗ ಅಜ್ಜನ ಕಣ್ಣು, ಯಾವುದನ್ನೂ ಬಿಡಬೇಡಿ. ಯಂತ್ರದ ಚೀಟಿ ನೋಡುವ ಮೊದಲು ನಿಮ್ಮ ಲೆಕ್ಕ ಬರೆದಿಡಿ, ಆಮೇಲೆ ಹೋಲಿಸಿ. ಈ ರೂಢಿ ಬಿಡದವರು ಎರಡನೇ ವರ್ಷ ಮುಗಿಯುವಷ್ಟರಲ್ಲಿ ಬೇರೆಯೇ ಮಟ್ಟದಲ್ಲಿರುತ್ತಾರೆ.

ಮಕ್ಕಳ ವಿಷಯದಲ್ಲಿ ಇನ್ನೊಂದು ಕಾರಣಕ್ಕೂ ಅವಸರವಿದೆ. ಒಂದು ಕಣ್ಣಿನಲ್ಲಿ ಹೆಚ್ಚು ನಂಬರ್ ಇದ್ದು ಇನ್ನೊಂದು ಸರಿಯಿದ್ದರೆ, ಮಿದುಳು ಮಂಕು ಕಣ್ಣಿನಿಂದ ಬರುವ ಚಿತ್ರವನ್ನು ಕಡೆಗಣಿಸುತ್ತ ಬಂದು ಆ ಕಣ್ಣು ನೋಡುವುದನ್ನೇ ಸರಿಯಾಗಿ ಕಲಿಯುವುದಿಲ್ಲ. ಚಿಕ್ಕ ವಯಸ್ಸಿನಲ್ಲಿ ಕನ್ನಡಕ ಕೊಟ್ಟು, ಬೇಕಾದರೆ ಒಳ್ಳೆಯ ಕಣ್ಣನ್ನು ದಿನಕ್ಕೆ ಇಷ್ಟು ಹೊತ್ತು ಎಂದು ಮುಚ್ಚಿದರೆ ದೃಷ್ಟಿ ಬೆಳೆಯುತ್ತದೆ. ಏಳೆಂಟು ವರ್ಷ ದಾಟಿದಂತೆ ಇದು ಕಷ್ಟವಾಗುತ್ತ ಹೋಗುತ್ತದೆ. ಎರಡೂ ಕಣ್ಣು ತೆರೆದಿರುವಾಗ ಎಲ್ಲ ಕಾಣುವುದರಿಂದ ಮನೆಯವರಿಗೆ ಗೊತ್ತೇ ಆಗದು. ಇದೇ ತೊಂದರೆ ತರಬಲ್ಲ ಮೆಳ್ಳೆಗಣ್ಣನ್ನು "ಅದೃಷ್ಟ" ಎಂದು ಸುಮ್ಮನಿರುವ ಮನೆಗಳು ಇನ್ನೂ ಇವೆ. ಅಂಥ ಕಡೆ ಬೈಯದೆ, ಹೆದರಿಸದೆ ಅರ್ಥ ಮಾಡಿಸುವುದನ್ನೂ ನೀವು ಕಲಿಯಬೇಕು.

ಇಂಟರ್ನ್‌ಶಿಪ್ ವರ್ಷವನ್ನು ಹಂಚಿಕೊಳ್ಳಿ. ಕೆಲವು ತಿಂಗಳು ದೊಡ್ಡ ಆಸ್ಪತ್ರೆ, ಕೆಲವು ತಿಂಗಳು ಮಕ್ಕಳ ವಿಭಾಗ, ಸಾಧ್ಯವಾದರೆ ಕಣ್ಣಿನ ಪ್ರಾಥಮಿಕ ತಪಾಸಣೆ ನಡೆಯುವ ಹಳ್ಳಿಯ ದೃಷ್ಟಿ ಕೇಂದ್ರದಲ್ಲೂ ಇರಿ. ಕನ್ನಡಕ ತಯಾರಿಸುವ ಕಡೆ ಸ್ವಲ್ಪ ದಿನ ಗಾಜು ಕತ್ತರಿಸುವುದನ್ನೂ ನೋಡಿ. ನಂಬರ್ ಸರಿಯಿದ್ದೂ ಗಾಜಿನ ನಡು ಪಾಪೆಯ ನೇರಕ್ಕೆ ಬಾರದಿದ್ದರೆ ಕನ್ನಡಕ ಕಾಟ ಕೊಡುತ್ತದೆ, ಅದನ್ನು ಕಂಡುಹಿಡಿಯಲು ಗಾಜಿನ ಕೆಲಸ ತಿಳಿದಿರಬೇಕು. ಪದವಿ ಮುಗಿದ ಮೇಲೆ ಸಹಾಯಕ ಆರೋಗ್ಯ ವೃತ್ತಿಗಳ ರಾಜ್ಯ ಪರಿಷತ್ತಿನ ನೋಂದಣಿ ಮಾಡಿಸಿಕೊಳ್ಳಿ.

ಕೆಲಸ ಎಲ್ಲೆಲ್ಲಿ

ಕಣ್ಣಿನ ಆಸ್ಪತ್ರೆಗಳು, ಕನ್ನಡಕದ ಸರಣಿ ಮಳಿಗೆಗಳು, ಮಸೂರ ತಯಾರಿಸುವ ಕಂಪನಿಗಳು, ಸ್ವಯಂಸೇವಾ ಸಂಸ್ಥೆಗಳ ದೃಷ್ಟಿ ಕೇಂದ್ರಗಳು. ಸರ್ಕಾರದಲ್ಲಿ ನೇತ್ರಾಧಿಕಾರಿ ಹುದ್ದೆಗಳಿವೆ, ರೈಲ್ವೆಯ ಅರೆವೈದ್ಯಕೀಯ ನೇಮಕಾತಿಯಲ್ಲೂ ಆಪ್ಟೊಮೆಟ್ರಿಸ್ಟ್ ಹುದ್ದೆ ಬರುತ್ತದೆ. ಹುದ್ದೆಯಿಂದ ಹುದ್ದೆಗೆ ವಿದ್ಯಾರ್ಹತೆ ಬದಲಾಗುವುದರಿಂದ ಪ್ರಕಟಣೆಯನ್ನು ಪೂರ್ತಿ ಓದಿ. ಕೊಲ್ಲಿ ದೇಶಗಳಿಗೆ ಹೋಗಲು ಅಲ್ಲಿನ ಪರವಾನಗಿ ಪರೀಕ್ಷೆ ಬರೆಯಬೇಕು; ಅಮೆರಿಕದಲ್ಲಿ ಅಲ್ಲಿಯದೇ ನಾಲ್ಕು ವರ್ಷದ ವೃತ್ತಿಪದವಿ ಬೇಕು. ಓದು ಮುಂದುವರಿಸುವವರಿಗೆ ಎರಡು ವರ್ಷದ ಎಂ.ಆಪ್ಟಮ್ ಇದೆ, ಆಮೇಲೆ ಪಿಎಚ್‌ಡಿಯೂ ಇದೆ.

ಆರಂಭದ ಸಂಬಳ ಎಂಜಿನಿಯರುಗಳ ಕಥೆ ಕೇಳಿ ಬೆಳೆದವರಿಗೆ ಚಿಕ್ಕದೆನಿಸುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಮೊದಲ ನೌಕರಿಗೆ ಎರಡು ಕಡೆಯಿಂದ ಕರೆ ಬಂದರೆ, ಸ್ವಲ್ಪ ಕಡಿಮೆ ಕೊಟ್ಟರೂ ಹೆಚ್ಚು ಬಗೆಯ ರೋಗಿಗಳು ಬರುವ, ತಪ್ಪಿದಾಗ ತಿದ್ದುವ ಹಿರಿಯರಿರುವ ಆಸ್ಪತ್ರೆಯನ್ನು ಆರಿಸಿ. ದಿನವಿಡೀ ಫ್ರೇಮ್ ಮಾರಾಟದ ಗುರಿ ಮುಟ್ಟಿಸುವ ಕಡೆ ಎರಡು ವರ್ಷ ಕಳೆದರೆ ಕಲಿತದ್ದು ಕೈಯಿಂದ ಜಾರುತ್ತದೆ.

ಊರಿಗೆ ಮರಳಿ ಸ್ವಂತ ಕೊಠಡಿ

ಐದಾರು ವರ್ಷದ ಅನುಭವದ ಮೇಲೆ ಬೇಲೂರಿಗೋ ಕೊಪ್ಪಕ್ಕೋ ತರೀಕೆರೆಗೋ ಮರಳಿ ಬನ್ನಿ ಎಂದು ನಾನು ಮನಸಾರೆ ಕೇಳಿಕೊಳ್ಳುತ್ತೇನೆ. ಐವತ್ತು ಸಾವಿರ ಜನರಿಗೊಂದು ದೃಷ್ಟಿ ಕೇಂದ್ರ ಇರಬೇಕೆಂಬುದು ಈ ಕ್ಷೇತ್ರದವರು ಇಟ್ಟುಕೊಂಡ ಗುರಿ. ನಿಮ್ಮ ತಾಲ್ಲೂಕಿನ ಜನಸಂಖ್ಯೆಯನ್ನು ಅದರ ಪಕ್ಕ ಇಟ್ಟು ನೋಡಿ.

ದೊಡ್ಡ ಬಂಡವಾಳ ಬೇಕೆಂದು ಹೆದರುವವರಿಗೆ ಮೊದಲ ಪಟ್ಟಿ ಇಷ್ಟೇ: ಪರೀಕ್ಷೆಯ ಮಸೂರಗಳ ಟ್ರಯಲ್ ಸೆಟ್, ಅವನ್ನು ಕೂರಿಸುವ ಟ್ರಯಲ್ ಫ್ರೇಮ್, ರೆಟಿನೋಸ್ಕೋಪ್, ಕಣ್ಣಿನ ಒಳಭಾಗ ನೋಡುವ ಆಫ್ತಾಲ್ಮೋಸ್ಕೋಪ್, ದೂರದ ಮತ್ತು ಹತ್ತಿರದ ಪಟಗಳು, ಕನ್ನಡಕದ ನಂಬರ್ ಅಳೆಯುವ ಲೆನ್ಸೋಮೀಟರ್, ಕಣ್ಣಿನ ಮುಂಭಾಗವನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪ್, ಕಣ್ಣಿನ ಒತ್ತಡ ಅಳೆಯುವ ಟೋನೋಮೀಟರ್. ಯಂತ್ರದ ಚೀಟಿ ಆಮೇಲೆ ಬರಲಿ. ದೂರದ ಪಟಕ್ಕೆ ಆರು ಮೀಟರ್ ಬೇಕು, ಬಾಡಿಗೆ ಮಳಿಗೆ ಅಷ್ಟು ಉದ್ದ ಇರುವುದಿಲ್ಲ. ಮೂರು ಮೀಟರಿನ ಕೊಠಡಿಯಲ್ಲಿ ಎದುರು ಗೋಡೆಗೆ ಕನ್ನಡಿ ಹಾಕಿ, ತಲೆಯ ಹಿಂದೆ ತಿರುವುಮುರುವಾಗಿ ಮುದ್ರಿಸಿದ ಪಟ ಇಟ್ಟರೆ ಆರು ಮೀಟರ್ ಆಯಿತು. ಕನ್ನಡ ಅಕ್ಷರಗಳ ಪಟ ಕಡ್ಡಾಯವಾಗಿ ಇರಲಿ.

ನಮ್ಮ ಕಡೆಯ ಕಣ್ಣುಗಳಿಗೆ ನಮ್ಮ ಕಡೆಯ ಪ್ರಶ್ನೆಗಳನ್ನೇ ಕೇಳಬೇಕು. ಮೆಣಸು ಕೊಯ್ಯಲು ಏಣಿ ಹತ್ತುವವರಿಗೆ ಬೈಫೋಕಲ್ ಕೊಟ್ಟರೆ ಕೆಳಗೆ ನೋಡಿದಾಗ ಓದುವ ಭಾಗದಿಂದ ಏಣಿಯ ಮೆಟ್ಟಿಲು ಮಸುಕಾಗುತ್ತದೆ, ಕಾಲು ತಪ್ಪಬಹುದು. ಕೆಲಸಕ್ಕೆ ದೂರದ ಗಾಜು ಬೇರೆ, ಮನೆಯಲ್ಲಿ ಓದಲು ಬೇರೆ ಮಾಡಿಕೊಡುವುದು ಒಳಿತು. ಕಾಫಿ ಬೀಜ ಆರಿಸುವ ಹೆಂಗಸರ ಕೈಗೂ ಕಣ್ಣಿಗೂ ಎಷ್ಟು ದೂರ ಎಂದು ಅಳೆದು ನಂಬರ್ ಕೊಡಿ. ಪೇಪರ್ ಓದುವ ದೂರದ ಲೆಕ್ಕ ಅವರಿಗೆ ಹೊಂದದಿರಬಹುದು. ಮಳೆಗಾಲದಲ್ಲಿ ತೋಟದಲ್ಲಿರುವ ಹುಡುಗರು ಕಾಂಟ್ಯಾಕ್ಟ್ ಲೆನ್ಸ್ ಕೇಳಿದರೆ ಹಳ್ಳದ, ಬಾವಿಯ, ನಲ್ಲಿಯ ಯಾವ ನೀರೂ ಅದಕ್ಕೆ ತಾಗಬಾರದೆಂದು ಹತ್ತು ಸಲ ಹೇಳಿ. ನೀರಿನಲ್ಲಿರುವ ಅಕಾಂತಮೀಬಾ ಎಂಬ ಸೂಕ್ಷ್ಮ ಜೀವಿ ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾಕ್ಕೆ ಅಂಟಿದರೆ ವಾಸಿ ಮಾಡುವುದು ಬಹಳ ಕಷ್ಟ.

ಮರಗಸಿಯಲ್ಲಿ ರೆಂಬೆ ತಗುಲಿ, ಒಕ್ಕಣೆಯಲ್ಲಿ ಸುಂಕು ಬಿದ್ದು ಕಣ್ಣು ಕೆಂಪಾಗಿ ಬಂದವರನ್ನು ಒಂದು ದಿನವೂ ಇಟ್ಟುಕೊಳ್ಳಬೇಡಿ. ಗಿಡ, ಹುಲ್ಲಿನಿಂದಾದ ಗಾಯಕ್ಕೆ ಶಿಲೀಂಧ್ರದ ಸೋಂಕು ತಗುಲಬಹುದು. ಔಷಧಿ ಅಂಗಡಿಯಲ್ಲಿ ಕೇಳಿ ಹಾಕಿಕೊಂಡ ಸ್ಟೀರಾಯ್ಡ್ ಹನಿ ಅದನ್ನು ಉಲ್ಬಣಗೊಳಿಸುತ್ತದೆ. ಏನು ಹನಿ ಹಾಕಿದ್ದೀರಿ, ಸೊಪ್ಪಿನ ರಸ ಬಿಟ್ಟಿದ್ದೀರಾ ಎಂದು ಕೇಳಿ, ಬಾಟಲಿ ತರಿಸಿ ನೋಡಿ, ಅಂದೇ ಕಳುಹಿಸಿ.

ಪರೀಕ್ಷೆಗೆ ಶುಲ್ಕ ತೆಗೆದುಕೊಳ್ಳಿ, ಚಿಕ್ಕದಾದರೂ ಸರಿ. ಪರೀಕ್ಷೆ ಉಚಿತವೆಂದು ಬೋರ್ಡು ಹಾಕಿದರೆ ಗಾಜು ಮಾರಿಯೇ ಬದುಕಬೇಕಾಗುತ್ತದೆ, ಆಗ "ನಿಮಗೆ ಕನ್ನಡಕ ಬೇಡ" ಎಂದು ಹೇಳುವ ಸ್ವಾತಂತ್ರ್ಯ ಹೋಗುತ್ತದೆ. ಕೊಡಲಾಗದವರಿಗೆ ಬಿಟ್ಟುಬಿಡಿ, ಅದು ನಿಮಗೂ ಅವರಿಗೂ ಬಿಟ್ಟ ವಿಷಯ.

ತಜ್ಞರ ಬಳಿಗೆ ಕಳುಹಿಸುವಾಗ ಬರಿಯ ಬಾಯಿಮಾತು ಸಾಲದು. ಎರಡು ಕಣ್ಣುಗಳ ದೃಷ್ಟಿ, ಒತ್ತಡ, ನೀವು ಕಂಡದ್ದು, ಅನುಮಾನ, ಎಷ್ಟು ದಿನದೊಳಗೆ ನೋಡಬೇಕು ಎಂಬುದನ್ನು ಪತ್ರದಲ್ಲಿ ಬರೆದುಕೊಡಿ. ಮನೆಯವರೊಬ್ಬರ ಫೋನ್ ನಂಬರ್ ಬರೆದಿಟ್ಟುಕೊಂಡು ವಾರದೊಳಗೆ ವಿಚಾರಿಸಿ. ವಯಸ್ಸಾದವರು ಹೋಗದೇ ಉಳಿಯಲು ಹಣಕ್ಕಿಂತಲೂ ಜೊತೆಗೆ ಬರುವವರಿಲ್ಲದಿರುವುದೇ ಎಷ್ಟೋ ಸಲ ಕಾರಣವಾಗಿರುತ್ತದೆ. ಯಾವ ಆಸ್ಪತ್ರೆಯ ಶಿಬಿರದ ವಾಹನ ನಿಮ್ಮ ಹೋಬಳಿಗೆ ಯಾವ ದಿನ ಬರುತ್ತದೆ, ವಾಪಸು ಎಲ್ಲಿಗೆ ಬಿಡುತ್ತದೆ ಎಂಬುದನ್ನು ತಿಳಿದುಕೊಂಡು ಗೋಡೆಯ ಮೇಲೆ ಬರೆದು ಹಾಕಿ.